ಮೂರನೇ ದಿನದ ವಾಂತಿ

ಹುಬ್ಬಳ್ಳಿಯಲ್ಲಿ ಅತ್ತೆಗೆ ಮೊದಲ ಕೀಮೋ (ಕ್ಯಾನ್ಸರಿನ ಔಷಧ ಚಿಕಿತ್ಸೆ) ಮುಗಿಸಿ ಅಂಕೋಲೆಗೆ ಹೊರಟಾಗ ಕಾರಿನಲ್ಲಿ ನಾಲ್ಕು ಪ್ಲಾಸ್ಟಿಕ್ ಕೊಟ್ಟೆ ಇಟ್ಟುಕೊಂಡಿದ್ದೆವು. ಅರಬೈಲ್ ಘಟ್ಟದ ತಿರುವಿನಲ್ಲಿ ಗಟ್ಟಿಮುಟ್ಟಾದವರಿಗೇ ಹೊಟ್ಟೆ ತೊಳಸುತ್ತದೆ, ಅಲ್ವಾ? ಅತ್ತೆಗೆ ಏನೂ ಆಗಲಿಲ್ಲ. ಲಿಂಬೆಹಣ್ಣು ಮೂಸುತ್ತ ಸುಮ್ನೆ ಕೂತಿದ್ದರು. ವಾಂತಿ ಶುರುವಾಗಿದ್ದು ಮೂರನೇ ದಿನ, ಒಲೆಯ ಮೇಲೆ ಕುಚ್ಚಲಕ್ಕಿ ಬೇಯುವ ವಾಸನೆ ಬಂದಾಗ. "ವಾಂತಿನೇ ಬರ್ಲಿಲ್ಲ, ಮತ್ಯಾಕೆ ಗುಳಿಗೆ" ಎಂದು ಹಿಂದಿನ ದಿನವೇ ಮಾತ್ರೆ ನಿಲ್ಲಿಸಿಬಿಟ್ಟಿದ್ದರು. ನಮಗೂ ಅದು ಸರಿ ಅನ್ನಿಸಿತ್ತು.

'ಕೀಮೋ ಅಂದ್ರೆ ವಾಂತಿ' ಅನ್ನುವ ಹೆದರಿಕೆ ಹಳೇ ಕಾಲದ್ದು. 1978ರಲ್ಲಿ ಅಮೆರಿಕದಲ್ಲಿ ಸಿಸ್‌ಪ್ಲಾಟಿನ್‌ಗೆ ಒಪ್ಪಿಗೆ ಸಿಕ್ಕಿತು. ಒಳ್ಳೆಯ ಕೀಮೋ ಔಷಧ. ಆದರೆ ವಾಂತಿ ತಡೆಯುವ ಮದ್ದಿಲ್ಲದೆ ಕೊಟ್ಟರೆ ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಜನ ಕಾರಿಕೊಳ್ಳುತ್ತಿದ್ದರು, ಅದೂ ದಿನಕ್ಕೆ ಎಷ್ಟೋ ಸಲ. ತಡೆಯಲಾಗದೆ ಚಿಕಿತ್ಸೆಯನ್ನೇ ಅರ್ಧಕ್ಕೆ ಬಿಟ್ಟವರಿದ್ದರು.

ಮೊದಲ ದಾರಿ ಕಂಡದ್ದು 1981ರಲ್ಲಿ. ಮೆಟೊಕ್ಲೋಪ್ರಮೈಡ್ ಎಂಬ ಹಳೇ ಮದ್ದು ಮಾಮೂಲಿ ಪ್ರಮಾಣದಲ್ಲಿ ಕೀಮೋ ವಾಂತಿಗೆ ಸಾಲುತ್ತಿರಲಿಲ್ಲ. ಅದನ್ನೇ ತುಂಬ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ನೋಡಿದರು, ಕೆಲಸ ಮಾಡಿತು. ಜೊತೆಗೆ ಕುತ್ತಿಗೆ, ದವಡೆ ಸೆಟೆದುಕೊಳ್ಳುವ ತೊಂದರೆಯೂ ಬಂತು. ಹೆಚ್ಚಿಗೆ ಕೊಟ್ಟಾಗ ಮಾತ್ರ ಯಾಕೆ ಕೆಲಸ ಮಾಡಿತು ಎಂದು ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಸೆರೊಟೋನಿನ್ ಎಂಬ ವಸ್ತು; ಹೆಚ್ಚಿಗೆ ಕೊಟ್ಟಾಗ ಆ ಮದ್ದು ಇದರ ಕೆಲಸವನ್ನೂ ತಡೆಯುತ್ತಿತ್ತು. ನಮ್ಮ ಮೈಯಲ್ಲಿರುವ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90ರಷ್ಟು ಕರುಳಿನಲ್ಲೇ ಇರುತ್ತದೆ. ಕೀಮೋ ಔಷಧ ಕರುಳಿನ ಒಳಪದರಕ್ಕೆ ಪೆಟ್ಟು ಕೊಟ್ಟಾಗ ಅದು ಹೊರಗೆ ಚೆಲ್ಲುತ್ತದೆ. ವೇಗಸ್ ನರದ ಮೂಲಕ ಸುದ್ದಿ ಮೆದುಳಿಗೆ ಹೋಗುತ್ತದೆ. ವಿಷ ಹೊಟ್ಟೆಗೆ ಹೋಗಿದೆ ಅಂದುಕೊಂಡು ಮೆದುಳು ಹೊರಹಾಕಲು ನೋಡುತ್ತದೆ. ಆ ಸುದ್ದಿಯನ್ನು ನಡುದಾರಿಯಲ್ಲೇ ತಡೆಯುವ ಒಂಡಾನ್‌ಸೆಟ್ರಾನ್ 1991ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಮಕ್ಕಳಿಗೆ ವಾಂತಿಯಾದರೆ ನಮ್ಮ ಮೆಡಿಕಲ್ ಶಾಪಿನಲ್ಲಿ ಕೊಡುವ ಎಮೆಸೆಟ್ ಇದೇ. ಮಲಬದ್ಧತೆ ಮಾಡುತ್ತದೆ, ಅದೊಂದು ನೋಡಿಕೊಳ್ಳಬೇಕು.

ಇದರಿಂದ ಮೊದಲ 24 ಗಂಟೆ ಬಹುಮಟ್ಟಿಗೆ ಸಲೀಸಾಯಿತು. ಎರಡರಿಂದ ಐದನೇ ದಿನದವರೆಗಿನ ವಾಂತಿ ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅಲ್ಲಿ ಮುಖ್ಯ ಕೆಲಸ ಮಾಡುವುದು 'ಸಬ್‌ಸ್ಟೆನ್ಸ್ ಪಿ' ಎಂಬ ಬೇರೆಯೇ ವಸ್ತು. ಅದು 1931ರಲ್ಲೇ ಗೊತ್ತಾಗಿತ್ತು. ಕೀಮೋ ವಾಂತಿಯಲ್ಲಿ ಅದರ ಕೆಲಸ ತಡೆಯುವ ಅಪ್ರೆಪಿಟೆಂಟ್ ಬಂದಿದ್ದು 2003ರಲ್ಲಿ! ಈಗ ವಾಂತಿ ಜಾಸ್ತಿ ತರಿಸುವ ಜೋರು ಕೀಮೋಗೆ ಈ ಎರಡು ಬಗೆಯ ಮದ್ದಿನ ಜೊತೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್, ಒಲಾಂಜಪಿನ್ ಸೇರಿಸುತ್ತಾರೆ. ಒಲಾಂಜಪಿನ್ ಮೂಲತಃ ಮಾನಸಿಕ ಕಾಯಿಲೆಯ ಮಾತ್ರೆ, ಚೀಟಿಯಲ್ಲಿ ಅದರ ಹೆಸರು ನೋಡಿ ಗಾಬರಿಯಾಗಬೇಡಿ. ಬೆಲೆಯೂ ಕಡಿಮೆ. ಹಗಲೆಲ್ಲ ಮಂಪರು ಬರುವುದೇ ಅದರ ತೊಂದರೆ. ಮುಂಬೈನ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್‌ನವರು 10 ಮಿಲಿಗ್ರಾಂ ಬದಲು 2.5 ಮಿಲಿಗ್ರಾಂ ಕೊಟ್ಟರೂ ವಾಂತಿ ಅಷ್ಟೇ ಚೆನ್ನಾಗಿ ತಡೆಯುತ್ತದೆ, ಮಂಪರು ಕಡಿಮೆ ಎಂದು 2024ರಲ್ಲಿ ತೋರಿಸಿದರು. ನಮ್ಮ ದೇಶದಲ್ಲೇ ಆದ ಈ ಕೆಲಸ ನನಗೆ ತುಂಬ ದೊಡ್ಡದು ಅನ್ನಿಸುತ್ತದೆ.

ನಮ್ಮ ಜಿಲ್ಲೆಯವರು ಕೀಮೋಗೆ ಹುಬ್ಬಳ್ಳಿಗೋ, ಮಣಿಪಾಲಕ್ಕೋ, ಗೋವೆಗೋ ಹೋಗುತ್ತಾರೆ. ಮೊದಲ ದಿನ ಅಲ್ಲಿ ಕಳೆಯುತ್ತದೆ. ಕಷ್ಟದ ದಿನಗಳು ಬರುವಾಗ ನಾವು ಘಟ್ಟ ಇಳಿದು ಮನೆ ಸೇರಿರುತ್ತೇವೆ. ಹಾಗಾಗಿ ಹೊರಡುವ ಮೊದಲೇ ಯಾವ ಗುಳಿಗೆ ಎಷ್ಟನೇ ದಿನದವರೆಗೆ ಎಂದು ಕೇಳಿ ಬರೆಸಿಕೊಳ್ಳಿ. ವಾಂತಿ ಬರದಿದ್ದರೂ ಹೇಳಿದ ದಿನದವರೆಗೆ ನುಂಗಲೇಬೇಕು. ಬಂದ ಮೇಲೆ ನಿಲ್ಲಿಸುವುದು ಬರದಂತೆ ತಡೆಯುವುದಕ್ಕಿಂತ ಕಷ್ಟ. ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ.

ಎರಡನೇ ಕೀಮೋ ಹೊತ್ತಿಗೆ ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಐದು ದಿನದ ಗುಳಿಗೆ ಲೆಕ್ಕ ಬರೆದಿಟ್ಟೆವು. ಅನ್ನ ಬೇಯಿಸಿದ್ದು ಬಚ್ಚಲ ಒಲೆಯಲ್ಲಿ. ಮೂರನೇ ದಿನ ಬೆಳಿಗ್ಗೆ ಅತ್ತೆ ಆರಿದ ಗಂಜಿ ಕುಡಿದರು. ಅಪ್ಪೆಮಿಡಿ ಉಪ್ಪಿನಕಾಯಿ ಇನ್ನೊಂದು ಚೂರು ಬೇಕು ಅಂದರು.