ಸಮುದ್ರದ ಆಳದಲ್ಲಿ ಸದ್ದೇ ಇರಲ್ವಾ?

ಮತ್ತೆ ಮತ್ತೆ ಬರುವ ಪ್ರಶ್ನೆ: "ಆಳಕ್ಕೆ ಇಳಿದಷ್ಟೂ ಸಮುದ್ರ ನಿಶ್ಶಬ್ದ ಅಲ್ವಾ? ಹಾಗಿದ್ದ ಮೇಲೆ ನೀರಿನಡಿ ಸದ್ದು ಎಲ್ಲಿಗೆ, ಎಷ್ಟು ತಲುಪುತ್ತದೆ ಅನ್ನುವ ಲೆಕ್ಕಕ್ಕೆ ಸಮುದ್ರತಳದ ಆಕಾರ ಯಾಕೆ ಬೇಕು?"

ನಿಶ್ಶಬ್ದ ಅಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ. ಬೆಳಕು ಇಳಿಯದ ಕಡೆ ಸದ್ದೂ ಇಳಿಯಲ್ಲ ಅಂತ ಸುಮ್ನೆ ಅಂದುಕೊಂಡುಬಿಡುತ್ತೇವೆ. ನೀರು ಬೆಳಕನ್ನು ಬೇಗ ನುಂಗುತ್ತದೆ. ಹಡಗಿನ ಎಂಜಿನ್‌ನಂಥ ತಗ್ಗು ಸ್ಥಾಯಿಯ ಸದ್ದನ್ನು ನುಂಗುವುದು ಬಹಳ ಕಡಿಮೆ. 2015ರಲ್ಲಿ ಅಮೆರಿಕದ ಸಾಗರ, ಹವಾಮಾನ ಸಂಸ್ಥೆ ನೋವಾದ (NOAA) ತಂಡ ಪೆಸಿಫಿಕ್‌ನ ಚಾಲೆಂಜರ್ ಡೀಪ್‌ಗೆ ಹೈಡ್ರೋಫೋನ್ (ನೀರಿನೊಳಗಿನ ಮೈಕ್) ಇಳಿಸಿತು. ಸುಮಾರು 11 ಕಿಲೋಮೀಟರ್ ಆಳ. ಸಮುದ್ರದಲ್ಲಿ ಅದಕ್ಕಿಂತ ಆಳದ ಜಾಗ ಗೊತ್ತಿಲ್ಲ. ಅಲ್ಲಿ ಏನು ಕೇಳಿಸಿತು? ಭೂಕಂಪದ ಗುಡುಗು, ತಿಮಿಂಗಿಲದ ಕೂಗು, ಹಡಗಿನ ಪ್ರೊಪೆಲರ್, ಮೇಲೆ ಹಾದುಹೋದ ಚಂಡಮಾರುತದ ಮೊರೆತ. ದೂರದ ಹಡಗುಗಳ ಸದ್ದು ತೀರಾ ಆಳದಲ್ಲಿ ಒಂದಷ್ಟು ತಗ್ಗುವುದು ನಿಜ. ಆದರೆ ನೆತ್ತಿಯ ಮೇಲಿನ ಗಾಳಿ, ಅಲೆಗಳ ಸದ್ದು ನೇರವಾಗಿ ಕೆಳಗಿಳಿಯುತ್ತದೆ.

ಈಗ ತಳದ ವಿಷಯ. ಎಷ್ಟೋ ಸಾಗರಗಳಲ್ಲಿ ಸುಮಾರು 1000 ಮೀಟರ್ ಆಳದಲ್ಲಿ ಸದ್ದಿನ ವೇಗ ಎಲ್ಲಕ್ಕಿಂತ ಕಡಿಮೆ. ಸದ್ದು ಯಾವಾಗಲೂ ವೇಗ ಕಡಿಮೆ ಇರುವ ಕಡೆಗೇ ಬಾಗುತ್ತದೆ. ಹಾಗಾಗಿ ಆ ಪದರಕ್ಕೆ ಸೇರಿದ ಸದ್ದು ತಳಕ್ಕೂ ಮೇಲ್ಮೈಗೂ ತಾಗದೆ ಸಾವಿರಾರು ಕಿಲೋಮೀಟರ್ ಹೋಗುತ್ತದೆ. ಆದರೆ ಹಡಗಿನ ಸದ್ದು ಹುಟ್ಟುವುದು ಮೇಲ್ಮೈ ಹತ್ತಿರ. ಅದನ್ನು ಈ ಪದರಕ್ಕೆ ಸೇರಿಸುವುದು ಇಳಿಜಾರು. ಖಂಡದ ಅಂಚಿನಲ್ಲಿ ತಳ 3 ಡಿಗ್ರಿ ಇಳಿದಿದೆ ಅನ್ನಿ. ಆಳದ ಕಡೆ ಹೊರಟ ಸದ್ದು ತಳಕ್ಕೆ ತಾಗಿದಾಗಲೆಲ್ಲ ಅದರ ದಾರಿಯ ಓರೆ 6 ಡಿಗ್ರಿಯಷ್ಟು ಕಡಿಮೆಯಾಗುತ್ತದೆ. ಎರಡು ಮೂರು ಸಲ ತಾಗಿದರೆ ಸಾಕು, ಪದರದೊಳಗೆ ಸೇರಿಕೊಳ್ಳುತ್ತದೆ. ದಡದ ಕಡೆ ಹೊರಟರೆ ಉಲ್ಟಾ: ಪ್ರತಿ ಸಲವೂ ದಾರಿ ಕಡಿದಾಗುತ್ತಾ ಹೋಗಿ ಸದ್ದು ತಳದ ಕೆಸರಿನಲ್ಲಿ ಸೋರಿಹೋಗುತ್ತದೆ. ಸದ್ದಿನ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್‌ನಲ್ಲಿ ತಳ ಸಪಾಟು ಅಂತ ಇಟ್ಟರೆ ಎರಡೂ ಕಡೆ ಒಂದೇ ಉತ್ತರ ಬರುತ್ತದೆ, ಅದು ತಪ್ಪು. ಅದಕ್ಕೇ ಪ್ರತಿ ದಿಕ್ಕಿನ ಆಳದ ನಕ್ಷೆಯನ್ನೂ ಕೊಡಬೇಕು.

ಮುಳುಗಿದ ಬೆಟ್ಟ ಅಡ್ಡ ಬಂದರೆ? ಯಾರೂ ಕೇಳಲ್ಲ, ಆದರೆ ನನಗೆ ತುಂಬಾ ಇಷ್ಟದ ಪ್ರಶ್ನೆ. ಬೆಟ್ಟದ ಹಿಂದೆ ಸದ್ದಿನ ನೆರಳು ಬೀಳುತ್ತದೆ. ಜೊತೆಗೆ ಇಳಿಜಾರಿಗೆ ತಾಗಿದ ಸದ್ದು ಪಕ್ಕಕ್ಕೂ ತಿರುಗುತ್ತದೆ. 1960ರಲ್ಲಿ ಆಸ್ಟ್ರೇಲಿಯಾದ ಪರ್ತ್ ಬಳಿ ಸಿಡಿಸಿದ ಸ್ಫೋಟಕದ ಸದ್ದು ಸುಮಾರು 20,000 ಕಿಲೋಮೀಟರ್ ದೂರದ ಬರ್ಮುಡಾದಲ್ಲಿ ಕೇಳಿಸಿತು. ಅದೂ ಅರ್ಧ ನಿಮಿಷದ ಅಂತರದಲ್ಲಿ ಎರಡು ಸಲ. ಅದು ಬಂದ ದಾರಿಯನ್ನು ಬಿಡಿಸಲು ನೀರಿನ ತಾಪದ ಜೊತೆ ತಳದ ಏರುತಗ್ಗುಗಳನ್ನೂ ಲೆಕ್ಕಕ್ಕೆ ತರಬೇಕಾಯಿತು.