ಇವರು ನಿಮಗೆ ಏನಾಗಬೇಕು?

ಆಸ್ಪತ್ರೆಯ ಕೌಂಟರಿನಲ್ಲಿ, ಬ್ಯಾಂಕಿನಲ್ಲಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಈ ಮಾತು ಕೇಳಿಯೇ ಕೇಳುತ್ತಾರೆ. ಗಂಡ, ಹೆಂಡತಿ, ಮಗ ಎಂದು ಹೇಳಿ ಮುಂದೆ ಸಾಗುವವರಿಗೆ ಅದೊಂದು ಪ್ರಶ್ನೆ ಅನ್ನಿಸುವುದೂ ಇಲ್ಲ. ಉಯಿಲು ಬರೆದುಕೊಡುವ ವಕೀಲೆ ನಾನು. ಅದಕ್ಕೆ ಉತ್ತರ ಹೇಳಲಾಗದೆ ತಡವರಿಸಿದವರನ್ನು ಹತ್ತಿರದಿಂದ ಕಂಡಿದ್ದೇನೆ. ಅವರಲ್ಲಿ ಕೆಲವರು ಅರವತ್ತು ದಾಟಿದ ಗಂಡಸರು, ಒಂದೇ ಮನೆಯಲ್ಲಿ ದಶಕಗಳ ಕಾಲ ಜೊತೆಯಾಗಿ ಬಾಳಿದವರು. ಜಪಾನಿನ ಫುಮಿ ಯೋಶಿನಾಗಾ ಅವರ ಮಾಂಗಾ (ಚಿತ್ರಕಥೆ) ‘ನಿನ್ನೆ ಏನು ತಿಂದೆ?’ ನನಗೆ ಹಿಡಿಸಿದ್ದು ಈ ಕಾರಣಕ್ಕೆ.

2007ರಲ್ಲಿ ‘ಮಾರ್ನಿಂಗ್’ ವಾರಪತ್ರಿಕೆಯಲ್ಲಿ ಶುರುವಾದ, ಸಂಗಾತಿಗಳಾಗಿ ಒಂದೇ ಮನೆಯಲ್ಲಿ ಬಾಳುವ ಇಬ್ಬರು ಗಂಡಸರ ಕಥೆ ಇದು. ಆಗ ವಕೀಲ ಶಿರೋಗೆ 43 ವರ್ಷ, ಸಲೂನಿನಲ್ಲಿ ಕೂದಲು ಕತ್ತರಿಸುವ ಕೆಂಜಿಗೆ 41. ವರ್ಷ ಉರುಳಿದಂತೆ ಅವರಿಗೂ ವಯಸ್ಸಾಗುತ್ತ, ಓದುಗರ ಜೊತೆಜೊತೆಗೇ ಐವತ್ತು ದಾಟಿದ್ದಾರೆ. ಶಿರೋ ಆಫೀಸು ಬಿಟ್ಟವನೇ ಅಗ್ಗದ ಅಂಗಡಿ ಹುಡುಕಿ ಹೋಗುತ್ತಾನೆ. ಶುರುವಿನ ಕಂತುಗಳಲ್ಲಿ ತಿಂಗಳ ಊಟದ ಖರ್ಚು 25,000 ಯೆನ್ ಮೀರಬಾರದೆಂದು ಲೆಕ್ಕವಿಟ್ಟು ಅಡುಗೆ ಮಾಡುತ್ತಾನೆ. ಮಕ್ಕಳಿಲ್ಲದ ಮುಪ್ಪಿಗೆ ಕಾಸು ಕೂಡಿಡಬೇಕೆಂಬ ಭಯ ಆ ಲೆಕ್ಕದ ಹಿಂದಿದೆ. ಶೃಂಗಾರದ ದೃಶ್ಯಗಳು ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ಬರೀ ಅಡುಗೆಯ ಕಥೆ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಐವತ್ತರ ಪ್ರೀತಿ ಹೆಚ್ಚಾಗಿ ಇರುವುದೇ ಇಂಥ ಲೆಕ್ಕಗಳಲ್ಲಿ.

ಶುರುವಿನಲ್ಲೇ ಒಂದು ಜಗಳ ಬರುತ್ತದೆ. ತನ್ನ ಸಂಗಾತಿ ವಕೀಲ ಎಂದು ಕೆಂಜಿ ಸಲೂನಿಗೆ ಬಂದವರೊಬ್ಬರ ಹತ್ತಿರ ಹೇಳಿಬಿಟ್ಟಿರುತ್ತಾನೆ. ಆಫೀಸಿನಲ್ಲಿ ಎಲ್ಲವನ್ನೂ ಮುಚ್ಚಿಟ್ಟಿರುವ ಶಿರೋಗೆ ಸಿಟ್ಟು. ಉಳಿದವರೆಲ್ಲ ಹೆಂಡತಿ ಮಕ್ಕಳ ಮಾತಾಡುವಾಗ ತಾನೊಬ್ಬ ಯಾಕೆ ಬಾಯಿ ಮುಚ್ಚಿಕೊಂಡಿರಬೇಕು ಎನ್ನುವುದು ಕೆಂಜಿಯ ಸಂಕಟ. ಮತ್ತೆ ಅದೇ ಪ್ರಶ್ನೆ: ಇವನು ನನಗೆ ಏನಾಗಬೇಕು?

ಗಂಡು-ಗಂಡಿನ ಪ್ರೇಮ ಮಾಂಗಾಕ್ಕೆ ಹೊಸದಲ್ಲ. 1976ರಲ್ಲಿ ಕೇಕೋ ತಾಕೆಮಿಯಾ ಬರೆಯತೊಡಗಿದ ‘ಗಾಳಿ ಮತ್ತು ಮರದ ಹಾಡು’ ಫ್ರಾನ್ಸಿನ ವಸತಿಶಾಲೆಯ ಹುಡುಗರ ಕಥೆ. ಅದರ ಚೆಲುವ ಜಿಲ್ಬೇರ್ ಹರೆಯದಲ್ಲೇ ಸಾಯುತ್ತಾನೆ. ಆ ಪರಂಪರೆಯಲ್ಲಿ ಪ್ರೇಮಿಗಳಿಗೆ ಮುಪ್ಪು ಬರುವುದು ಅಪರೂಪವಾಗಿತ್ತು. ಸಲಿಂಗಿ ಗಂಡಸರೇ ಓದುವ ಪತ್ರಿಕೆಗಳ ದಾರಿ ಬೇರೆ. ಗೆಂಗೊರೋ ತಾಗಾಮೆ ಅಲ್ಲಿ ಗಡ್ಡ, ಮೈತುಂಬ ಕೂದಲು, ದಪ್ಪ ಮೈಕಟ್ಟಿನ ಗಂಡಸರನ್ನೇ ಬರೆದರು. ಯೋಶಿನಾಗಾ ಈ ಇತಿಹಾಸವನ್ನು ಕಥೆಯೊಳಗೇ ತಂದಿದ್ದಾರೆ. ಗೆಳೆಯನೊಬ್ಬ ತನ್ನ ಸಂಗಾತಿಯನ್ನು ‘ಜಿಲ್ಬೇರ್‌ನಂತಿದ್ದಾನೆ’ ಎಂದು ಹೊಗಳಿದಾಗ ಕೆಂಜಿ ಹೂವಿನಂಥ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳುತ್ತಾನೆ. ಬಂದವನು ಕುರುಚಲು ಗಡ್ಡದ, ತಲೆ ಬಾಚದ ಸಿಡುಕ. ಪ್ರೀತಿಸಿದವನ ಕಣ್ಣಿಗೆ ಮಾತ್ರ ಅವನು ಜಿಲ್ಬೇರ್. ಈ ಪ್ರಸಂಗ ನನಗೆ ತುಂಬ ಇಷ್ಟ.

ಆದರೆ ಪುಸ್ತಕ ಮಡಚಿಟ್ಟು ನಾನು ಬಹಳ ಹೊತ್ತು ಯೋಚಿಸುತ್ತ ಕೂತದ್ದು ಇನ್ನೊಂದು ಜೋಡಿಯ ಪ್ರಸಂಗದಲ್ಲಿ. ಅವರಲ್ಲೊಬ್ಬ ಶಿರೋನ ಹತ್ತಿರ ಕಾನೂನು ಸಲಹೆ ಕೇಳುತ್ತಾನೆ. ತಾನು ದುಡಿದದ್ದು ಅಪ್ಪ ಅಮ್ಮನಿಗೆ ಹೋಗದೆ ಪೂರ್ತಿ ಸಂಗಾತಿಗೇ ಸೇರಬೇಕು, ಅದಕ್ಕೆ ಅವನನ್ನು ಮಗನಾಗಿ ದತ್ತು ತೆಗೆದುಕೊಳ್ಳುತ್ತೇನೆ ಎನ್ನುತ್ತಾನೆ.

ಉಯಿಲು ಬರೆದರೆ ಸಾಲದೇ ಎಂದು ನಮ್ಮವರಿಗೆ ಅನ್ನಿಸಬಹುದು. ಜಪಾನಿನಲ್ಲಿ ಸಾಲದು. ಅಲ್ಲಿನ ನಾಗರಿಕ ಸಂಹಿತೆ ಹತ್ತಿರದ ವಾರಸುದಾರರಿಗೆ ಕನಿಷ್ಠ ಪಾಲೊಂದನ್ನು ಕಾದಿಟ್ಟಿದೆ. ಸತ್ತವನಿಗೆ ಹೆಂಡತಿ ಮಕ್ಕಳಿಲ್ಲದೆ ತಂದೆತಾಯಿ ಇದ್ದರೆ, ಉಯಿಲಿನಲ್ಲಿ ಏನೇ ಬರೆದಿರಲಿ, ಅವರು ಆಸ್ತಿಯ ಮೂರರಲ್ಲೊಂದು ಭಾಗದ ಮೌಲ್ಯವನ್ನು ಕೇಳಿ ಪಡೆಯಬಹುದು. ಒಡಹುಟ್ಟಿದವರಿಗೆ ಆ ಹಕ್ಕಿಲ್ಲ. ದತ್ತುಮಗನೊಬ್ಬ ಬಂದರೆ ಅವನೇ ಮೊದಲ ವಾರಸುದಾರ, ತಂದೆತಾಯಿ ಸಾಲಿನಿಂದಲೇ ಹೊರಗೆ. ವಯಸ್ಕರನ್ನು ದತ್ತು ತೆಗೆದುಕೊಳ್ಳುವುದು ಅಲ್ಲಿ ಸುಲಭ: ಪುರಸಭೆಗೆ ಒಂದು ಅರ್ಜಿ, ಇಬ್ಬರು ಸಾಕ್ಷಿಗಳು. ಕೋರ್ಟಿನ ಅನುಮತಿಯೂ ಬೇಡ. ದತ್ತು ಹೋಗುವವನು ದತ್ತು ತೆಗೆದುಕೊಳ್ಳುವವನಿಗಿಂತ ಹಿರಿಯನಾಗಿರಬಾರದು, ಅಷ್ಟೇ. ಒಂದು ದಿನ ಮೊದಲು ಹುಟ್ಟಿದವನೂ ಅಪ್ಪನಾಗಬಹುದು.

ಈ ದಾರಿಗೂ ಒಂದು ಬೆಲೆಯಿದೆ. ದತ್ತುಸಂಬಂಧ ಒಮ್ಮೆ ಉಂಟಾದರೆ, ಅದನ್ನು ರದ್ದು ಮಾಡಿದ ಮೇಲೂ ಆ ಇಬ್ಬರು ಮದುವೆಯಾಗುವಂತಿಲ್ಲ ಎನ್ನುತ್ತದೆ ಅದೇ ಸಂಹಿತೆಯ 736ನೇ ವಿಧಿ. ನಾಳೆ ಸಲಿಂಗ ವಿವಾಹಕ್ಕೆ ಅನುಮತಿ ಸಿಕ್ಕಿದರೂ, ಇದೇ ವಿಧಿ ಹೀಗೇ ಉಳಿದರೆ, ದಾರಿ ಕಾಣದೆ ಅಪ್ಪ-ಮಗ ಆದ ಮುದುಕರು ಹೊರಗೇ ಉಳಿಯಬೇಕಾಗುತ್ತದೆ. 2015ರಲ್ಲಿ ಟೋಕಿಯೊದ ಶಿಬುಯಾ ಮತ್ತು ಸೆತಾಗಾಯಾ ಆಡಳಿತಗಳು ಇಂಥ ಜೋಡಿಗಳನ್ನು ಗುರುತಿಸಿ ಪತ್ರ ಕೊಡತೊಡಗಿದವು. 2022ರ ನವೆಂಬರಿನಲ್ಲಿ ಟೋಕಿಯೊ ಮಹಾನಗರವೂ ಶುರುಮಾಡಿತು. ಮನೆ ಬಾಡಿಗೆಗೆ ಪಡೆಯುವಾಗ, ಆಸ್ಪತ್ರೆಯಲ್ಲಿ ಅವು ನೆರವಾಗುತ್ತವೆ. ಆದರೆ ವಾರಸುದಾರಿಕೆಯ ಹಕ್ಕು ಕೊಡುವುದಿಲ್ಲ.

ನಮ್ಮಲ್ಲಿ ಪರಿಸ್ಥಿತಿ ತಿರುಗುಮುರುಗು. ಹಿಂದೂ ದತ್ತು ಕಾನೂನಿನಲ್ಲಿ, ಬೇರೆ ರೂಢಿಯಿದ್ದರೆ ಹೊರತು, 15 ತುಂಬಿದವರನ್ನು ದತ್ತು ಕೊಡುವಂತಿಲ್ಲ. ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಂ ಪ್ರಕಾರ ಸ್ವಯಾರ್ಜಿತ ಆಸ್ತಿಯನ್ನು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಬರೆಯದೆ ಕಣ್ಣುಮುಚ್ಚಿದರೆ ಮಾತ್ರ ಸಂಗಾತಿಗೆ ಏನೂ ದಕ್ಕುವುದಿಲ್ಲ, ಅವನಿದ್ದ ಮನೆಯೂ ಅಣ್ಣತಮ್ಮಂದಿರ ಪಾಲಾಗಬಹುದು. ಅದಕ್ಕೇ ಇಂಥ ಕಕ್ಷಿದಾರರಿಗೆ ನಾನು ಒತ್ತಿ ಹೇಳುತ್ತೇನೆ: ಮುಂದೂಡಬೇಡಿ, ನೋಂದಣಿ ಮಾಡಿಸಿ, ಬ್ಯಾಂಕ್ ಖಾತೆಗೆ ನಾಮಿನಿ ಬದಲಿಸಿ.

ಒಮ್ಮೆ ಅಂಥ ಹಿರಿಯರೊಬ್ಬರ ಉಯಿಲಿನ ಕರಡಿನಲ್ಲಿ ನಾನು ರೂಢಿಯಂತೆ ‘ನನ್ನ ಸ್ನೇಹಿತರಾದ’ ಎಂದು ಟೈಪ್ ಮಾಡಿಸಿದ್ದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಪಕ್ಕದಲ್ಲಿ ಕೂತಿದ್ದವರ ಕಡೆ ನೋಡಿದರು. ‘ಮೇಡಂ, ಇದನ್ನ ತೆಗೀರಿ’ ಅಂದರು. ಏನು ಬರೆಯಲಿ ಎಂದೆ. ‘ನನ್ನ ಜೊತೆ ಬಾಳಿದ ಅಂತ ಬರೀರಿ.’ ಹಾಗೇ ಬರೆದೆ.