ಕಾಲ್ಬೆರಳ ತುದಿಯ ಆಫ್‌ಸೈಡ್

2024ರ ಜೂನ್ 29ರ ರಾತ್ರಿ, ಜರ್ಮನಿಯ ಡಾರ್ಟ್‌ಮಂಡ್. ಯುರೋ ಕಪ್‌ನ ಹದಿನಾರರ ಘಟ್ಟದಲ್ಲಿ ಆತಿಥೇಯ ಜರ್ಮನಿಗೆ ಡೆನ್ಮಾರ್ಕ್ ಎದುರಾಳಿ. ಗುಡುಗು ಮಳೆಯಿಂದಾಗಿ ಮೊದಲಾರ್ಧದಲ್ಲಿ ಆಟ ಒಮ್ಮೆ ನಿಂತು ಮತ್ತೆ ಶುರುವಾಗಿತ್ತು. ದ್ವಿತೀಯಾರ್ಧದ ಆರಂಭದಲ್ಲೇ ಡೆನ್ಮಾರ್ಕ್‌ನ ಡಿಫೆಂಡರ್ ಯೋಆಕಿಮ್ ಆಂಡರ್ಸನ್ ಚೆಂಡನ್ನು ಬಲೆಗೆ ಸೇರಿಸಿದರು. ತಂಡದವರು ಓಡಿ ಬಂದು ಅಪ್ಪಿಕೊಂಡರು, ಅಭಿಮಾನಿಗಳು ಕುಣಿದರು. ಅಷ್ಟರಲ್ಲಿ ರೆಫರಿಯ ಕೈ ಕಿವಿಯ ಕಡೆಗೆ ಹೋಯಿತು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಬಂದ ಗಣಕಚಿತ್ರದಲ್ಲಿ ಮಿಡ್‌ಫೀಲ್ಡರ್ ಥಾಮಸ್ ಡಿಲೇನಿ ಅವರ ಬೂಟಿನ ತುದಿ ಆಫ್‌ಸೈಡ್ ಗೆರೆಯಿಂದ ಇಷ್ಟೇ ಇಷ್ಟು ಆಚೆಗೆ ಚಾಚಿತ್ತು. ತನ್ನ ತಂಡದವನು ಚೆಂಡು ಒದೆಯುವ ಕ್ಷಣದಲ್ಲಿ, ಗೋಲ್‌ಕೀಪರ್ ಬಿಟ್ಟು ಎದುರಾಳಿಯ ಕೊನೆಯ ಡಿಫೆಂಡರ್‌ಗಿಂತ ಗೋಲಿಗೆ ಹತ್ತಿರ ಇದ್ದವನು ಆಫ್‌ಸೈಡ್. ಗೋಲು ರದ್ದಾಯಿತು.

ಕೆಲವೇ ನಿಮಿಷಗಳಲ್ಲಿ ಅದೇ ಆಂಡರ್ಸನ್ ಅವರ ಕೈಗೆ ಚೆಂಡು ಸವರಿತು. ಚೆಂಡಿನೊಳಗಿನ ಸಂವೇದಕ ಆ ಸ್ಪರ್ಶವನ್ನು ಹೃದಯ ಬಡಿತದ ನಕ್ಷೆಯಂತೆ ಏರಿಳಿತದ ಗೆರೆಯಾಗಿ ತೋರಿಸಿತು. ಜರ್ಮನಿಗೆ ಪೆನಾಲ್ಟಿ, ಗೋಲು, ಪಂದ್ಯ 2-0. ಡೆನ್ಮಾರ್ಕ್ ತರಬೇತುದಾರ ಕ್ಯಾಸ್ಪರ್ ಹ್ಯೂಲ್ಮಂಡ್ ಪತ್ರಿಕಾಗೋಷ್ಠಿಯಲ್ಲಿ ತಮ್ಮ ಮೊಬೈಲ್ ಎತ್ತಿ ಆ ಆಫ್‌ಸೈಡ್ ಚಿತ್ರವನ್ನು ತೋರಿಸಿದರು. ಒಂದು ಸೆಂಟಿಮೀಟರ್ ತಮ್ಮ ತಂಡವನ್ನು ಮನೆಗೆ ಕಳಿಸಿತು ಎಂಬುದು ಅವರ ಸಂಕಟ.

ಆ ಒಂದು ಸೆಂಟಿಮೀಟರ್ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ವಿಡಿಯೊ ಸಹಾಯಕ ರೆಫರಿ, ಅಂದರೆ ವಿಎಆರ್ ವ್ಯವಸ್ಥೆಯ ಮೇಲೆ ಸಿಟ್ಟಾಗುವ ಅಭಿಮಾನಿಗಳನ್ನು ಸೋಲನ್ನು ಒಪ್ಪಿಕೊಳ್ಳಲಾರದವರು, ತಂತ್ರಜ್ಞಾನ ತಿಳಿಯದವರು ಎಂದು ತಳ್ಳಿಹಾಕುವುದು ಸುಲಭ. ಅವರ ಸಿಟ್ಟಿನಲ್ಲಿ ಅಳತೆಯ ವಿಜ್ಞಾನದ ಒಂದು ಮೂಲಭೂತ ಪ್ರಶ್ನೆ ಇದೆ ಎಂದು ನನಗೆ ಅನ್ನಿಸುತ್ತದೆ: ಈ ಅಳತೆಪಟ್ಟಿ ಎಷ್ಟು ಸಣ್ಣದನ್ನು ಅಳೆಯಬಲ್ಲದು?

ಬರಿಗಣ್ಣಿನ ಮಿತಿಯನ್ನು ಮೊದಲು ಒಪ್ಪಿಕೊಳ್ಳೋಣ. ಆಫ್‌ಸೈಡ್ ತೀರ್ಮಾನಿಸಲು ಸಹಾಯಕ ರೆಫರಿ ಒಂದೇ ಕ್ಷಣದಲ್ಲಿ ಎರಡು ಕಡೆ ನೋಡಬೇಕು. ಚೆಂಡನ್ನು ಒದೆಯುವವನು ಮೂವತ್ತು ಮೀಟರ್ ಈಚೆ, ಅದನ್ನು ಪಡೆಯಲು ಓಡುವವನು ಆಚೆ. ಒಂದರಿಂದ ಇನ್ನೊಂದಕ್ಕೆ ನೋಟ ಹೊರಳುವಷ್ಟರಲ್ಲೇ ಓಡುವವನು ಮುಂದೆ ಸರಿದಿರುತ್ತಾನೆ. 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಡಚ್ ಸಂಶೋಧಕರ ಅಧ್ಯಯನ ಇನ್ನೊಂದು ಕಾರಣವನ್ನೂ ತೋರಿಸಿತು. ಸಹಾಯಕ ರೆಫರಿ ಕೊನೆಯ ಡಿಫೆಂಡರ್‌ನ ನೇರಕ್ಕೆ ಸರಿಯಾಗಿ ನಿಲ್ಲದೆ ತುಸು ಹಿಂದೆ ಮುಂದೆ ಇದ್ದರೆ, ನೋಟದ ಕೋನದಿಂದಾಗಿಯೇ ಇಬ್ಬರು ಆಟಗಾರರ ಸ್ಥಾನ ಅದಲುಬದಲಾದಂತೆ ಕಾಣುತ್ತದೆ. ಇದು ಜ್ಯಾಮಿತಿಯ ತಪ್ಪು. ಎಷ್ಟೇ ನಿಷ್ಠೆಯಿಂದ ನೋಡಿದರೂ ಹೋಗುವುದಿಲ್ಲ.

ಹಾಗಾಗಿ ಯಂತ್ರದ ನೆರವು ಬೇಕೆಂಬ ಕೂಗು ಎದ್ದದ್ದು ಸಹಜ. 2010ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್‌ನ ಫ್ರಾಂಕ್ ಲ್ಯಾಂಪಾರ್ಡ್ ಜರ್ಮನಿಯ ವಿರುದ್ಧ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿದು ಗೋಲು ಗೆರೆಯ ಒಳಗೆ ಸ್ಪಷ್ಟವಾಗಿ ಬಿದ್ದು ಹೊರಗೆ ಪುಟಿಯಿತು. ಟಿವಿ ಮುಂದೆ ಕುಳಿತವರೆಲ್ಲ ಕಂಡದ್ದು ಮೈದಾನದ ರೆಫರಿಗೆ ಕಾಣಲಿಲ್ಲ. ಎರಡೇ ವರ್ಷದಲ್ಲಿ ಗೋಲು ಗೆರೆ ತಂತ್ರಜ್ಞಾನಕ್ಕೆ ಒಪ್ಪಿಗೆ ಸಿಕ್ಕಿತು. 2014ರ ವಿಶ್ವಕಪ್‌ನಲ್ಲಿ ಪ್ರತಿ ಬದಿಯ ಗೋಲಿಗೆ ಏಳರಂತೆ ಹದಿನಾಲ್ಕು ಕ್ಯಾಮೆರಾಗಳು ಚೆಂಡನ್ನು ಹಿಂಬಾಲಿಸಿದವು. ಚೆಂಡು ಗೆರೆ ದಾಟಿದರೆ ಒಂದು ಸೆಕೆಂಡಿನೊಳಗೆ ರೆಫರಿಯ ಕೈಗಡಿಯಾರಕ್ಕೆ ಸಂದೇಶ. ಈ ತಂತ್ರಜ್ಞಾನದ ಬಗ್ಗೆ ಅಭಿಮಾನಿಗಳು ಗೊಣಗುವುದು ಅಪರೂಪ. 2020ರ ಜೂನ್‌ನಲ್ಲಿ ಆಸ್ಟನ್ ವಿಲ್ಲಾ ಮತ್ತು ಶೆಫೀಲ್ಡ್ ಯುನೈಟೆಡ್ ಪಂದ್ಯದಲ್ಲಿ ಗೋಲ್‌ಕೀಪರ್ ಚೆಂಡನ್ನು ಹಿಡಿದೇ ಗೆರೆಯ ಒಳಗೆ ಹೋದಾಗ, ಏಳು ಕ್ಯಾಮೆರಾಗಳಿಗೂ ಆಟಗಾರರ ಮೈ ಅಡ್ಡ ಬಂದು ಯಂತ್ರ ಸುಮ್ಮನಿತ್ತು. ಅದನ್ನು ಒದಗಿಸಿದ ಕಂಪನಿ ಕ್ಷಮೆ ಕೇಳಿತು. ಆದರೂ ನಂಬಿಕೆ ಕುಸಿಯಲಿಲ್ಲ. ಚೆಂಡು ಗುಂಡಗಿದೆ, ಅದರ ಗಾತ್ರ ಗೊತ್ತಿದೆ, ಗೆರೆ ನೆಲಕ್ಕೆ ಅಂಟಿಕೊಂಡಿದೆ, ಕೇಳುವ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರ.

ಆಫ್‌ಸೈಡ್‌ನಲ್ಲಿ ಈ ಯಾವ ಅನುಕೂಲವೂ ಇಲ್ಲ. ಅಲ್ಲಿ ಗೆರೆಯೇ ಓಡುತ್ತಿರುತ್ತದೆ. ಅಳೆಯಬೇಕಾದದ್ದು ಬಾಗುವ, ತಿರುಚುವ, ಅಂಗಿ ಹಾರುವ ಮನುಷ್ಯ ದೇಹ. ಕೈ ಮತ್ತು ತೋಳು ಲೆಕ್ಕಕ್ಕಿಲ್ಲ. ತಲೆ, ಮುಂಡ, ಕಾಲು ಲೆಕ್ಕಕ್ಕಿವೆ. ಹಾಗಾದರೆ ತೋಳು ಎಲ್ಲಿಂದ ಶುರುವಾಗುತ್ತದೆ? ಕಂಕುಳಿನ ಕೆಳ ಅಂಚಿನ ಮಟ್ಟದಿಂದ ಎಂದು ನಿಯಮ ರೂಪಿಸುವ ಮಂಡಳಿ ಹೇಳಬೇಕಾಯಿತು. ಓಡುವವನ ಅಂಗಿಯ ಮೇಲೆ ಆ ಬಿಂದು ಎಲ್ಲಿದೆ ಎಂದು ಒಬ್ಬರು ಪರದೆಯ ಮುಂದೆ ಕುಳಿತು ಗುರುತು ಹಾಕುತ್ತಿದ್ದ ಕಾಲವೂ ಇತ್ತು.

ಈಗ ಕಾಲದ ಲೆಕ್ಕ. ಸಾಮಾನ್ಯ ಪ್ರಸಾರದ ಕ್ಯಾಮೆರಾ ಸೆಕೆಂಡಿಗೆ 50 ಚಿತ್ರ ತೆಗೆಯುತ್ತದೆ ಎಂದುಕೊಳ್ಳಿ. ಎರಡು ಚಿತ್ರಗಳ ನಡುವೆ ಸೆಕೆಂಡಿನ 50ನೇ ಒಂದು ಭಾಗ ಖಾಲಿ. ಸ್ಟ್ರೈಕರ್ ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಗೋಲಿನತ್ತ ಓಡುತ್ತಿದ್ದಾನೆ, ಡಿಫೆಂಡರ್ ಅಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ಬರುತ್ತಿದ್ದಾನೆ. ಆ ಖಾಲಿಯಲ್ಲಿ ಅವರಿಬ್ಬರ ನಡುವಿನ ಅಂತರ 28 ಸೆಂಟಿಮೀಟರ್ ಬದಲಾಗುತ್ತದೆ. ಇಬ್ಬರೂ ನಿಧಾನವಾಗಿದ್ದರೆ ಅಂತರ ಕಡಿಮೆ, ನಿಜ. ಇನ್ನು ಚೆಂಡನ್ನು ಒದ್ದ ಕ್ಷಣ ಎಂದರೆ ಯಾವುದು? ಬೂಟು ಮತ್ತು ಚೆಂಡು ಒಂದಕ್ಕೊಂದು ತಾಗಿಕೊಂಡಿರುವುದೇ ಸೆಕೆಂಡಿನ ಸುಮಾರು ನೂರನೇ ಒಂದು ಭಾಗದಷ್ಟು ಹೊತ್ತು. ಮೊದಲ ಸ್ಪರ್ಶವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು ನಿಯಮ ಹೇಳುತ್ತದೆ, ಆದರೆ ಆ ಸ್ಪರ್ಶ ಎರಡು ಚಿತ್ರಗಳ ನಡುವೆ ನಡೆದುಹೋಗಿರಬಹುದು. ಇಷ್ಟೆಲ್ಲ ಮಸುಕಿನ ಮೇಲೆ ಕೂದಲೆಳೆಯಷ್ಟು ತೆಳುವಾದ ಗೆರೆಯೊಂದನ್ನು ಎಳೆದು ಗೋಲುಗಳನ್ನು ಅಳಿಸಿದ್ದನ್ನು ಅಭಿಮಾನಿಗಳು ವರ್ಷಗಟ್ಟಲೆ ನೋಡಿದ್ದಾರೆ. ಅವರಿಗೆ ಅನುಮಾನ ಬಂದದ್ದು ಸರಿಯಾಗಿಯೇ ಇದೆ.

2022ರ ಕತಾರ್ ವಿಶ್ವಕಪ್‌ನಲ್ಲಿ ಬಂದ ಅರೆ ಸ್ವಯಂಚಾಲಿತ ಆಫ್‌ಸೈಡ್ ವ್ಯವಸ್ಥೆ ಈ ಮಸುಕನ್ನು ಬಹಳಷ್ಟು ಕಡಿಮೆ ಮಾಡಿತು. ಚಾವಣಿಯ ಕೆಳಗೆ 12 ವಿಶೇಷ ಕ್ಯಾಮೆರಾಗಳು, ಪ್ರತಿ ಆಟಗಾರನ ದೇಹದ 29 ಬಿಂದುಗಳ ಸ್ಥಾನ ಸೆಕೆಂಡಿಗೆ 50 ಬಾರಿ, ಚೆಂಡಿನ ನಡುವಿನ ಸಂವೇದಕದಿಂದ ಸೆಕೆಂಡಿಗೆ 500 ಬಾರಿ ಮಾಹಿತಿ. ಉದ್ಘಾಟನಾ ಪಂದ್ಯದ ಮೊದಲ ನಿಮಿಷಗಳಲ್ಲೇ ಅದು ಈಕ್ವೆಡಾರ್‌ನ ಗೋಲೊಂದನ್ನು ರದ್ದು ಮಾಡಿತು. ಇದು ಬಹು ದೊಡ್ಡ ಸುಧಾರಣೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಮೇಲಿನ ಲೆಕ್ಕವನ್ನೇ ಮುಂದುವರಿಸಿ: ಸೆಕೆಂಡಿನ 500ನೇ ಒಂದು ಭಾಗದಲ್ಲೂ ಎದುರುಬದುರು ಓಡುವ ಇಬ್ಬರ ನಡುವಿನ ಅಂತರ ಸುಮಾರು 2.8 ಸೆಂಟಿಮೀಟರ್ ಬದಲಾಗುತ್ತದೆ. ಜೊತೆಗೆ 29 ಬಿಂದುಗಳಿಂದ ಗಣಕಯಂತ್ರ ದೇಹದ ಮಾದರಿಯನ್ನು ಕಟ್ಟುತ್ತದೆ. ಎರಡು ಅಳತೆಗಳ ನಡುವಿನ ಸ್ಥಾನವನ್ನು ಲೆಕ್ಕ ಹಾಕಿ ತುಂಬುತ್ತದೆ. ಪರದೆಯ ಮೇಲೆ ಬರುವ ಆ ನುಣುಪಾದ ಬೊಂಬೆಗಳು ಫೋಟೊಗಳಲ್ಲ, ಅಂದಾಜುಗಳು. ಬಹಳ ಒಳ್ಳೆಯ ಅಂದಾಜುಗಳು, ಆದರೂ ಅಂದಾಜುಗಳೇ.

ಶಾಲೆಯ ಪ್ರಯೋಗಾಲಯದಲ್ಲಿ ಒಂದು ಕಂಬಿಯ ಉದ್ದ ಅಳೆದಾಗಲೂ ‘ಇಷ್ಟು, ಇಷ್ಟರ ಹೆಚ್ಚು ಕಡಿಮೆಯಲ್ಲಿ’ ಎಂದು ಬರೆಯಲು ಕಲಿಸುತ್ತಾರೆ. ಆ ಎರಡನೆಯ ಸಂಖ್ಯೆ ಇಲ್ಲದ ಅಳತೆ ಅರ್ಧ ಅಳತೆ. ಕೋಟ್ಯಂತರ ಜನ ನೋಡುವ ಆಫ್‌ಸೈಡ್ ಚಿತ್ರದಲ್ಲಿ ಆ ಸಂಖ್ಯೆ ಕಾಣುವುದೇ ಇಲ್ಲ.

ಕ್ರಿಕೆಟ್ ನೋಡುವವರಿಗೆ ಈ ಕೊರತೆ ಬೇಗ ಹೊಳೆಯುತ್ತದೆ. ಎಲ್‌ಬಿಡಬ್ಲ್ಯು ಮನವಿಯನ್ನು ಡಿಆರ್‌ಎಸ್‌ಗೆ ಒಯ್ದಾಗ, ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ಸ್ಟಂಪ್‌ಗೆ ತಾಗುವಂತೆ ಕಂಡರೆ ‘ಅಂಪೈರ್ಸ್ ಕಾಲ್’ ಎಂಬ ತೀರ್ಪು ಬರುತ್ತದೆ. ಚೆಂಡು ಹೋಗಬಹುದಾದ ದಾರಿಯ ಬಗ್ಗೆ ಯಂತ್ರಕ್ಕೆ ಖಚಿತವಿಲ್ಲದ ಕಡೆ ಮೈದಾನದ ಮನುಷ್ಯ ಹೇಳಿದ್ದೇ ಉಳಿಯುತ್ತದೆ. ಆ ನಿಯಮದ ಮೇಲೂ ಜಗಳಗಳಿವೆ. ಆದರೆ ನನ್ನ ದೃಷ್ಟಿಯಲ್ಲಿ ಕ್ರೀಡಾ ತಂತ್ರಜ್ಞಾನದಲ್ಲೇ ಅತ್ಯಂತ ಪ್ರಾಮಾಣಿಕ ನಿಯಮ ಅದು, ಯಾಕೆಂದರೆ ತನ್ನ ಮಿತಿಯನ್ನು ಅದು ಎಲ್ಲರೆದುರು ಒಪ್ಪಿಕೊಳ್ಳುತ್ತದೆ.

ಫುಟ್‌ಬಾಲ್ ಆ ದಿಕ್ಕಿಗೆ ಅರೆಮನಸ್ಸಿನಿಂದ ಹೆಜ್ಜೆ ಇಟ್ಟದ್ದುಂಟು. ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್ 2021ರಲ್ಲಿ ಗೆರೆಗಳನ್ನು ದಪ್ಪ ಮಾಡಿ, ಎರಡೂ ಗೆರೆಗಳು ಒಂದರ ಮೇಲೊಂದು ಬಿದ್ದರೆ ಆಕ್ರಮಣಕಾರನಿಗೆ ಅನುಕೂಲ ಎಂದಿತು. ಫಿಫಾದ ಆರ್ಸೆನ್ ವೆಂಗರ್ ಇನ್ನೂ ಮುಂದೆ ಹೋಗಿ, ಆಕ್ರಮಣಕಾರನ ಇಡೀ ದೇಹ ಡಿಫೆಂಡರ್‌ನನ್ನು ದಾಟಿದರೆ ಮಾತ್ರ ಆಫ್‌ಸೈಡ್ ಆಗಲಿ ಎಂದು ಪ್ರತಿಪಾದಿಸಿದ್ದಾರೆ. ಗೆರೆಯನ್ನು ಎಲ್ಲಿಗೆ ಸರಿಸಿದರೂ ಅದರ ಹೊಸ ಅಂಚಿನಲ್ಲಿ ಮತ್ತೊಂದು ಕಾಲ್ಬೆರಳು ಕಾದಿರುತ್ತದೆ ಎಂಬ ಆಕ್ಷೇಪ ಸರಿಯೇ. ಅಂಚು ಎಲ್ಲಿದ್ದರೂ ಅನುಮಾನದ ಪಟ್ಟಿಯೊಳಗೆ ಬಿದ್ದದ್ದನ್ನು ಮೈದಾನದ ತೀರ್ಪಿಗೆ ಬಿಡಬೇಕು ಎನ್ನುವುದು ಬೇರೆಯದೇ ಮಾತು.

ಆಫ್‌ಸೈಡ್ ಕಡೆಗೂ ಅಳತೆಯ ಪ್ರಶ್ನೆ. ಫೌಲ್ ಮತ್ತು ಹ್ಯಾಂಡ್‌ಬಾಲ್ ಹಾಗಲ್ಲ, ಅಲ್ಲಿ ತೂಗಿ ನೋಡಬೇಕಾದದ್ದು ಉದ್ದೇಶ, ಬಿರುಸು, ಸಹಜ ಚಲನೆ. ಇಲ್ಲಿ ವಿಡಿಯೊ ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸುತ್ತದೆ. 2016ರಲ್ಲಿ ಅಮೆರಿಕದ ಸಂಶೋಧಕರು ಒಂದೇ ಘಟನೆಯ ವಿಡಿಯೊವನ್ನು ಕೆಲವರಿಗೆ ಸಹಜ ವೇಗದಲ್ಲಿ, ಕೆಲವರಿಗೆ ನಿಧಾನಗತಿಯಲ್ಲಿ ತೋರಿಸಿದರು. ನಿಧಾನಗತಿಯಲ್ಲಿ ನೋಡಿದವರಿಗೆ ಆ ಕೃತ್ಯ ಹೆಚ್ಚು ಉದ್ದೇಶಪೂರ್ವಕವಾಗಿ ಕಂಡಿತು. ಅದನ್ನು ಮಾಡಿದವನಿಗೆ ಯೋಚಿಸಲು ಹೆಚ್ಚು ಸಮಯವಿತ್ತು ಎಂದು ಅವರಿಗೆ ಅನ್ನಿಸಿತ್ತು. ಮುಂದೆ ಉನ್ನತ ಮಟ್ಟದ ಫುಟ್‌ಬಾಲ್ ರೆಫರಿಗಳ ಮೇಲೆ ನಡೆದ ಅಧ್ಯಯನದಲ್ಲೂ ನಿಧಾನಗತಿಯಲ್ಲಿ ನೋಡಿದಾಗ ಶಿಕ್ಷೆ ಕಠಿಣವಾಗುವ ಒಲವು ಕಂಡಿತು. ಅರೆಕ್ಷಣದ ಡಿಕ್ಕಿಯನ್ನು ಹತ್ತು ಪಟ್ಟು ಹಿಗ್ಗಿಸಿದರೆ, ಜಾರಿದ ಕಾಲು ಹೊಂಚು ಹಾಕಿದ ಕಾಲಿನಂತೆ ಕಾಣುತ್ತದೆ. ‘ಸ್ಪಷ್ಟ ಮತ್ತು ಎದ್ದುಕಾಣುವ ತಪ್ಪು’ ಇದ್ದರೆ ಮಾತ್ರ ವಿಎಆರ್ ತಲೆ ಹಾಕಬೇಕೆಂದು ನಿಯಮವಿದೆ. ಆರು ಕೋನಗಳಿಂದ ನಾಲ್ಕು ನಿಮಿಷ ಹುಡುಕಿ ಕಂಡ ತಪ್ಪನ್ನು ಎದ್ದುಕಾಣುವ ತಪ್ಪು ಎಂದು ಹೇಗೆ ಕರೆಯುವುದು? ಅಭಿಮಾನಿಗಳ ಈ ಪ್ರಶ್ನೆಗೆ ನನಗೆ ಇನ್ನೂ ಸಮಾಧಾನದ ಉತ್ತರ ಸಿಕ್ಕಿಲ್ಲ.

ಯಂತ್ರ ಸರಿಯಾಗಿದ್ದೂ ಮಾತು ಕೆಟ್ಟ ಪ್ರಸಂಗ 2023ರ ಸೆಪ್ಟೆಂಬರ್ 30ರದು. ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಹೊಡೆದ ಗೋಲಿಗೆ ಮೈದಾನದಲ್ಲಿ ಆಫ್‌ಸೈಡ್ ಬಾವುಟ ಎದ್ದಿತು. ವಿಡಿಯೊ ಕೊಠಡಿ ಪರಿಶೀಲಿಸಿದಾಗ ಅದು ಆಫ್‌ಸೈಡ್ ಅಲ್ಲ ಎಂದು ಸರಿಯಾಗಿಯೇ ಕಂಡಿತು. ಆದರೆ ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆಂದು ತಿಳಿದಿದ್ದ ಅಧಿಕಾರಿ ‘ಪರಿಶೀಲನೆ ಮುಗಿಯಿತು’ ಎಂದುಬಿಟ್ಟರು. ತಪ್ಪು ಗೊತ್ತಾಗುವಷ್ಟರಲ್ಲಿ ಆಟ ಮತ್ತೆ ಶುರುವಾಗಿತ್ತು, ಅದನ್ನು ನಿಲ್ಲಿಸಲು ನಿಯಮ ಬಿಡಲಿಲ್ಲ. ಆಮೇಲೆ ಬಿಡುಗಡೆಯಾದ ಧ್ವನಿಮುದ್ರಣವನ್ನು ಕೇಳುವಾಗ ಹೊಟ್ಟೆ ತೊಳಸಿದಂತಾಗುತ್ತದೆ. ವಿಮಾನ ಚಾಲಕರು ಬಂದ ಸೂಚನೆಯನ್ನು ಮರುನುಡಿದು ಖಚಿತಪಡಿಸುವ ಪದ್ಧತಿ ಎಷ್ಟೋ ಹಳೆಯದು. ಅಂಥ ಒಂದು ವಾಕ್ಯ ಅಲ್ಲಿ ಸಾಕಾಗಿತ್ತು.

ಇವೆಲ್ಲಕ್ಕಿಂತ ಆಳದ ನೋವು ಕಾಯುವಿಕೆಯದು. ಫುಟ್‌ಬಾಲ್‌ನಲ್ಲಿ ಗೋಲು ಅಪರೂಪ. ತೊಂಬತ್ತು ನಿಮಿಷಕ್ಕೆ ಎರಡೋ ಮೂರೋ. ಆ ಬರಗಾಲವೇ ಗೋಲಿನ ಕ್ಷಣಕ್ಕೆ ಅಷ್ಟು ಬಲ ತುಂಬುತ್ತದೆ. ನಿರೀಕ್ಷೆಗೂ ಮೀರಿ ಸಿಕ್ಕ ಫಲಕ್ಕೆ ಮಿದುಳಿನ ಡೋಪಮಿನ್ ಕೋಶಗಳು ಹೆಚ್ಚು ಚುರುಕಾಗಿ ಮಿಡಿಯುತ್ತವೆ; ಬರಬೇಕಾದ ಫಲ ಬಾರದಿದ್ದರೆ ಅವುಗಳ ಮಿಡಿತ ಮಾಮೂಲಿಗಿಂತ ಕೆಳಗಿಳಿಯುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಅಳಿಸಿಹೋದ ಗೋಲಿನ ನೋವು ಬಾರದ ಗೋಲಿನ ನೋವಿಗಿಂತ ಏಕೆ ತೀಕ್ಷ್ಣ ಎಂಬುದಕ್ಕೆ ಇದರಲ್ಲಿ ಒಂದು ಸುಳಿವಿದೆ ಎಂದು ನಾನು ನಂಬುತ್ತೇನೆ. ಈಗ ಗೋಲಾದಾಗ ನಾನು ಮೊದಲು ರೆಫರಿಯ ಕೈಯನ್ನು ನೋಡುತ್ತೇನೆ, ಆಮೇಲೆ ಕೂಗುತ್ತೇನೆ. ಆ ಎರಡು ಸೆಕೆಂಡಿನ ನಷ್ಟ ನನಗೆ ಸಣ್ಣದಾಗಿ ಕಾಣುವುದಿಲ್ಲ.

ನಾರ್ವೆಯಲ್ಲಿ 2024ರ ಜುಲೈನಲ್ಲಿ ರೋಸೆನ್‌ಬೋರ್ಗ್ ಮತ್ತು ಲಿಲ್ಲೆಸ್ಟ್ರಾಮ್ ಪಂದ್ಯದ ಪ್ರೇಕ್ಷಕರು ವಿಎಆರ್ ವಿರೋಧಿಸಿ ಮೀನಿನ ಖಾದ್ಯವನ್ನೂ ಟೆನಿಸ್ ಚೆಂಡುಗಳನ್ನೂ ಮೈದಾನಕ್ಕೆ ಎಸೆದು ಪಂದ್ಯವನ್ನೇ ನಿಲ್ಲಿಸಿದರು. ಅದೇ ವರ್ಷ ಸ್ವೀಡನ್‌ನ ಕ್ಲಬ್‌ಗಳು ವಿಎಆರ್ ಬೇಡವೆಂದವು. ಅಲ್ಲಿ ಕ್ಲಬ್‌ಗಳ ಬಹುಪಾಲು ಮತ ಸದಸ್ಯರ, ಅಂದರೆ ಅಭಿಮಾನಿಗಳ ಕೈಯಲ್ಲಿದೆ. ಇಂಗ್ಲೆಂಡ್‌ನಲ್ಲಿ ವುಲ್ವ್ಸ್ ಕ್ಲಬ್ ತಂದ ಅದೇ ಬಗೆಯ ನಿರ್ಣಯ 19-1ರಿಂದ ಬಿದ್ದುಹೋಯಿತು.

ನಾನು ಸ್ವೀಡನ್‌ನ ದಾರಿ ಹಿಡಿಯಲಾರೆ. ಆದರೆ ತಿದ್ದುವ ದಾರಿಗಳಿವೆ. 2023ರ ಮಹಿಳಾ ವಿಶ್ವಕಪ್‌ನಲ್ಲಿ ರೆಫರಿಗಳು ಮೈಕ್‌ನಲ್ಲಿ ತೀರ್ಪನ್ನು ಇಡೀ ಕ್ರೀಡಾಂಗಣಕ್ಕೆ ಹೇಳಿದರು. ತರಬೇತುದಾರರೇ ಸೀಮಿತ ಸಂಖ್ಯೆಯಲ್ಲಿ ಮರುಪರಿಶೀಲನೆ ಕೇಳುವ ಪದ್ಧತಿಯ ಪ್ರಯೋಗವೂ ನಡೆದಿದೆ. ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು ಬೇರೆಯದು. ವಿಡಿಯೊ ನೋಡಿಕೊಳ್ಳುತ್ತದೆ ಎಂಬ ಕಾರಣಕ್ಕೆ ಸಹಾಯಕ ರೆಫರಿಗಳು ಬಾವುಟವನ್ನು ತಡವಾಗಿ ಎತ್ತುವ ರೂಢಿ ಬೆಳೆದಿದೆ. 2025ರ ಮೇ ತಿಂಗಳಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ತೈವೊ ಅವೊನಿಯಿ, ಆಗಲೇ ಆಫ್‌ಸೈಡ್ ಆಗಿದ್ದ ದಾಳಿಯಲ್ಲಿ ಬಾವುಟ ಏಳುವ ಮೊದಲು ಗೋಲುಕಂಬಕ್ಕೆ ಅಪ್ಪಳಿಸಿ ಹೊಟ್ಟೆಯ ತುರ್ತು ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಮರುತಿಂಗಳ ಕ್ಲಬ್ ವಿಶ್ವಕಪ್‌ನಲ್ಲಿ ಸ್ಪಷ್ಟ ಆಫ್‌ಸೈಡ್‌ಗಳನ್ನು ಯಂತ್ರವೇ ಸಹಾಯಕ ರೆಫರಿಯ ಕಿವಿಗೆ ತಕ್ಷಣ ಮುಟ್ಟಿಸುವ ವ್ಯವಸ್ಥೆಯನ್ನು ಬಳಸಲಾಯಿತು. ಅರ್ಧ ಮೀಟರ್ ಆಚೆ ನಿಂತವನ ಮೇಲೆ ಯಂತ್ರ ಕೂಡಲೇ ಬಾವುಟ ಎತ್ತಿಸಲಿ. ಕಾಲ್ಬೆರಳ ತುದಿಯ ತೀರ್ಪು ಗೆರೆಯ ಪಕ್ಕ ಓಡುತ್ತಿರುವ ಮನುಷ್ಯನಿಗೇ ಇರಲಿ. ಪರದೆಯ ಚಿತ್ರದಲ್ಲಿ ತೆಳು ಗೆರೆಯ ಜಾಗಕ್ಕೆ, ಯಂತ್ರಕ್ಕೆ ಖಚಿತವಿಲ್ಲದಷ್ಟು ಅಗಲದ ಒಂದು ಪಟ್ಟಿ ಬರಲಿ.